ಗೆರೆ ಬೀಳುವ ಜಾಗ

ಅಮೆರಿಕದಲ್ಲಿ ಓದುವ ಮಗ ಫೋನ್ ಮಾಡಿ ‘ಮಿಡ್‌ಟರ್ಮ್‌ನಲ್ಲಿ 61 ಬಂತು, ತುಂಬಾ ಚೆನ್ನಾಗಾಯ್ತು’ ಅಂದರೆ ಈ ಕಡೆ ಅಪ್ಪನಿಗೆ ಏನು ಹೇಳಬೇಕೋ ತಿಳಿಯುವುದಿಲ್ಲ. 35ಕ್ಕೆ ಪಾಸು, 60ಕ್ಕೆ ಫಸ್ಟ್ ಕ್ಲಾಸು ಎಂದು ನಂಬಿ ಬೆಳೆದವರು ನಾವು. ತರಗತಿಯ ಸರಾಸರಿಯೇ 48, ಹಾಗಾಗಿ 61 ಅಂದರೆ ಹೆಚ್ಚೂಕಡಿಮೆ ಎ ಮೈನಸ್ ಎಂದು ಅವನು ಬಿಡಿಸಿ ಹೇಳಿದರೂ ‘ಡಿಸ್ಟಿಂಕ್ಷನ್ ಇಲ್ವೇನೋ?’ ಎಂಬ ಪ್ರಶ್ನೆ ತಪ್ಪಿದ್ದಲ್ಲ.

ಅಲ್ಲಿನ ಎಷ್ಟೋ ಕೋರ್ಸುಗಳಲ್ಲಿ ಮಿಡ್‌ಟರ್ಮ್ ಮುಗಿದ ಮೇಲೆ ಪ್ರೊಫೆಸರ್ ಇಡೀ ತರಗತಿಯ ಅಂಕಗಳ ಗ್ರಾಫ್ ತೋರಿಸಿ, ಅಂದಾಜು ಗ್ರೇಡುಗಳನ್ನೂ ಹೇಳುವುದುಂಟು. ಗೆರೆ ಎಳೆಯುವ ರೀತಿಯೇ ಸ್ವಾರಸ್ಯ. ಕೆಲವರು ಅಂಕಗಳನ್ನು ಮೇಲಿನಿಂದ ಕೆಳಕ್ಕೆ ಬರೆದುಕೊಂಡು ಖಾಲಿ ಜಾಗ ಹುಡುಕುತ್ತಾರೆ. 74, 73, 73, ಆಮೇಲೆ ಒಮ್ಮೆಲೇ 68. ಸರಿ, ಎ ಇಲ್ಲಿಗೆ ಮುಗಿಯಿತು. ಒಂದೇ ಅಂಕದಲ್ಲಿ ತಪ್ಪಿತು ಸಾರ್ ಎಂದು ಕೋಣೆಗೆ ಬರುವವರು ಆಗ ಇರುವುದಿಲ್ಲ. ಇದು ಶಾಸ್ತ್ರವೇನಲ್ಲ, ಆದರೆ 79ಕ್ಕೂ 80ಕ್ಕೂ ನಡುವೆ ವಿದ್ಯೆಯ ಅಂತರವಿದೆ ಎಂದು ನಟಿಸುವುದಕ್ಕಿಂತ ಪ್ರಾಮಾಣಿಕ.

ಸರಾಸರಿಯನ್ನೊಂದನ್ನೇ ನೋಡಿದರೆ ಮೋಸಹೋಗುತ್ತೇವೆ. ಅರ್ಧ ಜನ 75ರ ಸುತ್ತ, ಇನ್ನರ್ಧ 35ರ ಸುತ್ತ ಇದ್ದರೂ ಸರಾಸರಿ 55 ಬರುತ್ತದೆ. 55 ತೆಗೆದವರು ಒಬ್ಬರೂ ಇಲ್ಲದಿರಬಹುದು. ಗ್ರಾಫಿಗೆ ಹೀಗೆ ಎರಡು ಡುಬ್ಬ ಬಂದರೆ, ಕೆಳಗಿನವರಿಗೆ ಹಿಂದಿನ ಪಾಠವೇ ಗಟ್ಟಿಯಾಗಿಲ್ಲವೇನೋ ಎಂದು ಮೇಷ್ಟ್ರು ವಿಚಾರಿಸಬೇಕು. ಅದನ್ನು ಬಿಟ್ಟು ಮೂವತ್ತು ಹುಡುಗರ ಮೇಲೆ ಗಂಟೆಯಾಕಾರದ ರೇಖೆ ಹೊದಿಸಿ ಇಷ್ಟು ಜನರಿಗೆ ಸಿ ಎನ್ನುವುದು ನನ್ನ ಮಟ್ಟಿಗೆ ತಮಾಷೆ. ಪಾಲು ಮೊದಲೇ ಗೊತ್ತುಮಾಡಿಬಿಟ್ಟರಂತೂ ಪಕ್ಕದವನಿಗೆ ನೋಟ್ಸ್ ಕೊಡುವವನೇ ದಡ್ಡನಾಗುತ್ತಾನೆ. ಎ ಗುಂಪಿನ ಗ್ರೇಡುಗಳು ಶೇ 35 ಮೀರದಿರಲಿ ಎಂದು 2004ರಲ್ಲಿ ಗುರಿ ಇಟ್ಟುಕೊಂಡ ಪ್ರಿನ್ಸ್‌ಟನ್, ವಿದ್ಯಾರ್ಥಿಗಳ ಒತ್ತಡ ನೋಡಿ 2014ರಲ್ಲಿ ಅದನ್ನು ಕೈಬಿಟ್ಟಿತು. ಹಾರ್ವರ್ಡ್‌ನದು ಇನ್ನೊಂದು ಕಥೆ. ಅಲ್ಲಿ ಅತಿ ಹೆಚ್ಚು ಸಲ ಕೊಡುವ ಗ್ರೇಡೇ ಎ ಎಂದು 2013ರಲ್ಲಿ ಅಲ್ಲಿನ ಡೀನ್ ಒಬ್ಬರು ಒಪ್ಪಿಕೊಂಡರು.

ನಮ್ಮಲ್ಲೂ ಯುಜಿಸಿ ‘ಓ’ಗೆ 10, ‘ಪಿ’ಗೆ 4, ‘ಎಫ್’ಗೆ ಸೊನ್ನೆ ಎಂಬ ಮಾದರಿ ಕೊಟ್ಟಿದೆ. ಅಂಕಕ್ಕೆ ನೇರವಾಗಿ ಗ್ರೇಡು ಕೊಡುವುದೋ, ತರಗತಿಯ ಜೊತೆ ಹೋಲಿಸಿ ಕೊಡುವುದೋ, ಎರಡಕ್ಕೂ ದಾರಿ ಬಿಟ್ಟಿದೆ. ಅದು ಹೇಗಾದರೂ ಇರಲಿ. ಇಂಟರ್ನಲ್ಸ್ ಮುಗಿದ ಮೇಲೆ ನಮ್ಮ ಹುಡುಗರಿಗೆ ಸಾಮಾನ್ಯವಾಗಿ ಸಿಗುವುದು ಅವರವರ ಅಂಕ ಮಾತ್ರ. ಇಪ್ಪತ್ತಕ್ಕೆ ಒಂಬತ್ತು ತೆಗೆದವಳಿಗೆ ತರಗತಿಯಲ್ಲಿ ಹೆಚ್ಚಿನವರು ಎಂಟರ ಆಸುಪಾಸಿನಲ್ಲೇ ಇದ್ದಾರೆ ಎಂದು ತಿಳಿಸಲು ಅರ್ಧ ಹಾಳೆಯ ಗ್ರಾಫ್ ಸಾಕು. ಪ್ರಶ್ನೆವಾರು ಅಂಕಗಳನ್ನೂ ಸೇರಿಸಿದರೆ, ಮೂರನೇ ಪ್ರಶ್ನೆಯನ್ನು ಬಹುತೇಕ ಎಲ್ಲರೂ ಬಿಟ್ಟಿದ್ದು ಕಂಡೀತು. ಆಗ ಸೋಮವಾರ ಆ ಪಾಠವನ್ನು ಇನ್ನೊಮ್ಮೆ ಮಾಡಬೇಕಾದೀತು.