ಕರಸ್ಥಲ ನಡುಗುವಾಗ



ಬೆಳಗಿನ ಲಿಂಗಪೂಜೆಗೆ ಕುಳಿತ ಹಿರಿಯರ ಅಂಗೈ ನಡುಗತೊಡಗಿದರೆ, ವಯಸ್ಸಾಯಿತೆಂದು ಮನೆಯವರು ಸುಮ್ಮನಾಗುವುದುಂಟು. ನಡುಕವೆಲ್ಲವೂ ಒಂದೇ ರೋಗದ್ದಲ್ಲ. ಆದರೆ ಸುಮ್ಮನಿರುವ ಕೈ ನಡುಗುವುದು, ಹೆಜ್ಜೆ ಕಿರಿದಾಗುವುದು, ಬರೆಯುವ ಅಕ್ಷರ ಸಣ್ಣದಾಗುವುದು, ಮುಖ ಭಾವಹೀನವಾಗುವುದು ಇವು ಜೊತೆಗೂಡಿ ಕಂಡರೆ ಅದು ಪಾರ್ಕಿನ್ಸನ್ ರೋಗವಿರಬಹುದು. ಇಂಗ್ಲೆಂಡಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಇದನ್ನು ವಿವರಿಸಿದನು. ಆಯುರ್ವೇದದವರು ಇದನ್ನು ಕಂಪವಾತವೆನ್ನುತ್ತಾರೆ.

ರೋಗದ ಮೂಲ ಕೈಯಲ್ಲಿಲ್ಲ, ಮೆದುಳಿನಲ್ಲಿದೆ. ನಡುಮೆದುಳಿನಲ್ಲಿ ಕಪ್ಪುಬಣ್ಣದ ಪುಟ್ಟ ಭಾಗವೊಂದುಂಟು. ಅಲ್ಲಿಯ ಜೀವಕೋಶಗಳು ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸಿ ಅಂಗಾಂಗಗಳ ಚಲನೆಯನ್ನು ಹದದಲ್ಲಿಡುತ್ತವೆ. ನಡುಕ ಕಣ್ಣಿಗೆ ಬೀಳುವ ವೇಳೆಗೆ ಅವುಗಳಲ್ಲಿ ಸುಮಾರು ಅರ್ಧದಷ್ಟು ನಾಶವಾಗಿರುತ್ತವೆ. ನಾಶವಾದ ಕೋಶಗಳು ಮತ್ತೆ ಹುಟ್ಟವು.

ವರ್ಷಗಳು ಕಳೆದಂತೆ ಹಲವರಲ್ಲಿ ಈ ಹಾನಿ ಮೆದುಳಿನ ಹೊರಪದರಕ್ಕೂ ಹಬ್ಬುತ್ತದೆ. ಪದರ ತೆಳುವಾಗಿ ಮೆದುಳು ಕುಗ್ಗುತ್ತದೆ. ಗಮನ, ವಿವೇಚನೆ, ನೆನಪುಗಳು ಸಡಿಲಗೊಳ್ಳುತ್ತವೆ. ಮರೆವೇ ಮೊದಲು ಬಂದು, ಬಿಗಿತ ನಡುಕಗಳು ಆಮೇಲೆ ತೋರುವುದೂ ಉಂಟು. ವೈದ್ಯರು ಇದನ್ನು ಲೂಯಿ ಬಾಡಿ ಡಿಮೆನ್ಶಿಯಾ ಎನ್ನುತ್ತಾರೆ. ಇಂಥ ಹಿರಿಯರು ಅಂಗಳದಲ್ಲಿ ಇಲ್ಲದ ಮಕ್ಕಳನ್ನು ಕಂಡೆನೆನ್ನಬಹುದು. ಅದು ಭೂತಚೇಷ್ಟೆಯಲ್ಲ, ಬುದ್ಧಿಭ್ರಮಣೆಯೆಂದು ನಗುವಂಥದೂ ಅಲ್ಲ. ಭ್ರಮೆಯನ್ನು ಶಮನಗೊಳಿಸಲು ಕೊಡುವ ಕೆಲವು ಔಷಧಗಳು ಇವರಿಗೆ ವಿಪರೀತ ಬಿಗಿತ ತರುವುದರಿಂದ, ಈ ಲಕ್ಷಣವನ್ನು ವೈದ್ಯರಿಗೆ ಮುಚ್ಚಿಡದೆ ತಿಳಿಸಬೇಕು.

ಶಿರಾಡಿ ಘಟ್ಟವಿಳಿದು ಸುಬ್ರಹ್ಮಣ್ಯಕ್ಕೆ ತಿರುಗುವ ನಮ್ಮವರಿಗೆಲ್ಲ ಗುಂಡ್ಯ ಪರಿಚಿತ ಊರು. ಅಂಥ ತಪ್ಪಲಿನ ಊರುಗಳ ಬೇಲಿ, ಕಾಡಂಚುಗಳಲ್ಲಿ ಹಬ್ಬುವ ನಸುಗುನ್ನಿಯ ಕಾಯಿ ಮುಟ್ಟಿದರೆ ಮೈಯೆಲ್ಲ ತುರಿಕೆ. ಆದರೆ ಅದರ ಬೀಜದಲ್ಲಿ ಲಿವೋಡೋಪಾ ಇದೆ. ಪಾರ್ಕಿನ್ಸನ್ನಿಗೆ ವೈದ್ಯರು ಕೊಡುವ ಮುಖ್ಯ ಮಾತ್ರೆಯಲ್ಲಿರುವುದೂ ಅದೇ. ಆದ್ದರಿಂದ ಹಳಬರ ನಂಬಿಕೆ ನಿರಾಧಾರವಲ್ಲ. ಆದರೂ ಬೀಜದಿಂದ ಬೀಜಕ್ಕೆ ಪ್ರಮಾಣ ಬೇರೆ. ಮಾತ್ರೆಯೊಡನೆ ಪುಡಿಯನ್ನೂ ಸೇವಿಸಿದರೆ ವಾಂತಿ, ರಕ್ತದೊತ್ತಡದ ಇಳಿತ, ಭ್ರಮೆ ಉಂಟಾಗಬಹುದು. ಬೀಜವಾಗಲಿ ಮಾತ್ರೆಯಾಗಲಿ ಡೋಪಮೈನಿನ ಕೊರತೆಯನ್ನು ತುಂಬುತ್ತದೆಯೇ ಹೊರತು ಅಳಿದ ಕೋಶಗಳನ್ನು ಮರಳಿ ತಾರದು. ವೈದ್ಯರನ್ನು ಕೇಳದೆ ಈ ಪ್ರಯೋಗ ಬೇಡ.

ಇನ್ನೊಂದು ಎಚ್ಚರಿಕೆ. ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಡಬೇಕು. ಹಠಾತ್ತನೆ ನಿಲ್ಲಿಸಿದರೆ ಮೈ ಬಿಗಿದು, ಜ್ವರವೇರಿ, ಪ್ರಾಣಾಪಾಯವೂ ಒದಗಬಹುದು. 2018ರ ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ ಘಟ್ಟದ ಸಂಚಾರ ನಿಂತಿದ್ದನ್ನು ನಾವು ಮರೆತಿಲ್ಲ. ಘಟ್ಟದ ಆಚೀಚೆ ಇರುವ ಕುಟುಂಬಗಳು ಮಳೆ ಹಿಡಿಯುವ ಮುನ್ನವೇ ಒಂದು ತಿಂಗಳ ಮಾತ್ರೆ ತಂದಿಟ್ಟುಕೊಳ್ಳುವುದು ಲೇಸು.

ಹಿರಿಯರು ಕೇಳಿದ್ದನ್ನೇ ಕೇಳಿದಾಗ, ತೊಡುವ ಬಟ್ಟೆಯ ಗುಂಡಿ ಹಾಕಲಾರದಾದಾಗ, ಅದನ್ನು ಹಟವೆಂದು ಗದರಬಾರದು. ಮಾಡಬೇಕೆಂಬ ಮನಸ್ಸು ಅವರಿಗಿದೆ, ಮಾಡಿಸುವ ಕೋಶಗಳಿಲ್ಲ. ನಿತ್ಯ ತುಸು ನಡಿಗೆ, ಬಚ್ಚಲುಮನೆಯಲ್ಲಿ ಹಿಡಿದುಕೊಳ್ಳಲು ಕಂಬಿ, ಅವಸರವಿಲ್ಲದ ಊಟ, ಇವು ಬಹಳ ಉಪಕರಿಸುತ್ತವೆ. ಈ ಸೇವೆಯೂ ದಾಸೋಹವೇ. ಆದರೆ ದಾಸೋಹ ಇಡೀ ಮನೆಯದು. ನಮ್ಮ ಮನೆಗಳಲ್ಲಿ ಅದು ಸೊಸೆಯೊಬ್ಬಳ ಪಾಲಿಗೇ ಬರುವುದು ಹೆಚ್ಚು. ಗಂಡುಮಕ್ಕಳೂ ಸರದಿಯಂತೆ ಹಿರಿಯರ ಬಳಿ ಕೂರಲಿ, ರಾತ್ರಿಯ ಎಚ್ಚರವನ್ನು ಹಂಚಿಕೊಳ್ಳಲಿ.