ಮಿತಭಾಷಿಯು ದುರ್ಬಲನೇ?

2009ರ ಚುನಾವಣೆಯಲ್ಲಿ ಬಿಜೆಪಿಯು ಡಾ. ಮನಮೋಹನ್ ಸಿಂಗ್‌ರನ್ನು ‘ದುರ್ಬಲ ಪ್ರಧಾನಿ’ ಎಂದು ಜರೆದಿತ್ತು. ನಾಯಕತ್ವವನ್ನು ಗಂಟಲ ಬಲದಿಂದ ಅಳೆಯುವುದು ನ್ಯಾಯವಲ್ಲವೆಂದು ನಾವು ಭಾವಿಸುತ್ತೇವೆ.

2005ರಲ್ಲಿ ಮಾಹಿತಿ ಹಕ್ಕು ಕಾಯ್ದೆಯ ಮೂಲಕ ತನ್ನ ಕಡತಗಳನ್ನೇ ಪ್ರಜೆಗಳ ಮುಂದೆ ತೆರೆದಿಟ್ಟದ್ದು ಅವರ ಸರಕಾರ. ಗ್ರಾಮೀಣ ಕುಟುಂಬಗಳಿಗೆ ವರ್ಷಕ್ಕೆ 100 ದಿನಗಳ ಕೂಲಿಯನ್ನು ಹಕ್ಕಾಗಿಸಿದ ಕಾಯ್ದೆಯೂ ಅದೇ ವರ್ಷದ್ದು. 2008ರಲ್ಲಿ ಎಡಪಕ್ಷಗಳು ಬೆಂಬಲ ಹಿಂತೆಗೆದಾಗ ಅಣು ಒಪ್ಪಂದಕ್ಕಾಗಿ ಅಧಿಕಾರವನ್ನೇ ಪಣಕ್ಕಿಟ್ಟರು. ಒಪ್ಪಂದವನ್ನು ವಿರೋಧಿಸಿದವರೂ ಆ ದಿಟ್ಟತನವನ್ನು ಅಲ್ಲಗಳೆಯಲಾರರು.

ಮುಸ್ಲಿಮರ ಹಿಂದುಳಿದಿರುವಿಕೆಯನ್ನು ಅಂಕಿಅಂಶಗಳ ಸಹಿತ ದೇಶದ ಮುಂದಿಟ್ಟ ಸಾಚಾರ್ ಸಮಿತಿಯನ್ನು ನೇಮಿಸಿದವರೂ ಅವರೇ. 2006ರ ಆ ವರದಿಯ ಶಿಫಾರಸುಗಳಲ್ಲಿ ಹಲವು ಕಾಗದದಲ್ಲೇ ಉಳಿದವೆಂಬ ಟೀಕೆ ನ್ಯಾಯವಾದುದು. ನಾವೂ ಅದನ್ನು ಒಪ್ಪುತ್ತೇವೆ. ಆದರೆ ‘ದುರ್ಬಲ’ ಎಂಬುದು ಟೀಕೆಯಲ್ಲ, ನಿಂದೆ. ಆಳಿದವರನ್ನು ಅವರು ಬಿಟ್ಟುಹೋದ ಕಾನೂನುಗಳಿಂದ ಅಳೆಯೋಣ, ಭಾಷಣಗಳಿಂದಲ್ಲ.