ಬ್ಯಾಟರಿ ಬಿಚ್ಚೋಕೆ ಬರ್ತದಾ, ಸ್ವಾಮೀ?

ಶಿವಮೊಗ್ಗದ ಗಾಂಧಿ ಬಜಾರಿರಲಿ, ದುರ್ಗಿಗುಡಿಯಿರಲಿ, ಮೊಬೈಲ್ ಅಂಗಡಿಯ ಮೆಟ್ಟಿಲು ಹತ್ತಿದ ಗಿರಾಕಿಗೆ ಮೊದಲು ಸಿಗುವುದು ಕ್ಯಾಮೆರಾದ ವರ್ಣನೆ. ಐವತ್ತು ಮೆಗಾಪಿಕ್ಸೆಲ್, ನೂರೆಂಟು ಮೆಗಾಪಿಕ್ಸೆಲ್ ಎಂದು ಕೌಂಟರಿನ ಹುಡುಗ ಸಹಸ್ರನಾಮ ಒಪ್ಪಿಸಿದಂತೆ ಒಪ್ಪಿಸುತ್ತಾನೆ. ಎದುರಿಗೆ ನಿಂತವರು ಅಡಿಕೆ ಮಂಡಿಯ ಗುಮಾಸ್ತರೋ, ಆಯನೂರಿನಿಂದ ಮೊದಲ ಬಸ್ಸಿಗೆ ಬಂದ ಹೂವಿನ ವ್ಯಾಪಾರದ ಹೆಂಗಸೋ, ಅವನಿಗೆ ಅದರ ಗೊಡವೆಯಿಲ್ಲ. "ಬ್ಯಾಟರಿ ಹೋದ್ರೆ ಬಿಚ್ಚಿ ಬೇರೆ ಹಾಕೋಕೆ ಬರ್ತದಾ ಮಾರಾಯಾ?" ಎಂದು ಗುಮಾಸ್ತರು ಕೇಳಿದರೆ ಹುಡುಗನಿಗೆ ನಗು. "ಈಗಿನ ಟಚ್ ಫೋನಲ್ಲಿ ಅದೆಲ್ಲ ಬರಲ್ಲ ಸಾರ್. ತಗೊಳ್ಳಿ, ಇಎಂಐ ಮಾಡ್ಕೊಡ್ತೀನಿ."

ಆ ಪ್ರಶ್ನೆಯಲ್ಲಿ ನಗುವಂಥದ್ದೇನೂ ಇಲ್ಲ. ಇಪ್ಪತ್ತು ವರ್ಷಗಳ ಹಿಂದೆ ಇದೇ ಬಜಾರಿನಲ್ಲಿ ಫೋನು ಕೊಂಡವರು ಕೇಳುತ್ತಿದ್ದುದು ಇಂಥವನ್ನೇ. ಟವರು ಎಲ್ಲಿಯವರೆಗೆ ಸಿಗ್ತದೆ? ಸಂತೆಯ ಗದ್ದಲದಲ್ಲಿ ರಿಂಗು ಕೇಳ್ತದಾ? ಒಮ್ಮೆ ಚಾರ್ಜು ಮಾಡಿದರೆ ಎಷ್ಟು ದಿನ? ಕೆಟ್ಟರೆ ಇಲ್ಲೇ ರಿಪೇರಿ ಆಗ್ತದಾ? ನಾಲ್ಕಕ್ಕೂ ಅಂಗಡಿಯವರು ನಿಂತ ನಿಲುವಿನಲ್ಲೇ ಉತ್ತರ ಕೊಡುತ್ತಿದ್ದರು. ಈಗ ಕೊಡುವುದಿಲ್ಲ ಎಂಬುದೇ ಇಲ್ಲಿಯ ತಕರಾರು.

ಕೊಂಬಿನ ಕಾಲ

ದೇಶದ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು, ಕಲ್ಕತ್ತೆಯಿಂದ ದಿಲ್ಲಿಗೆ. ಮಾಡಿದವರು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು, ಎತ್ತಿದವರು ಕೇಂದ್ರದ ಸಂಪರ್ಕ ಮಂತ್ರಿ ಸುಖರಾಂ. ಮಂತ್ರಿ ಮಹೋದಯರ ಕೈಯಲ್ಲಿದ್ದ ಆ ವಸ್ತು ಕಿರಾಣಿ ಅಂಗಡಿಯ ಗಲ್ಲಾದ ಮೇಲೆ ಬಂದು ಕೂರುವಷ್ಟರಲ್ಲಿ ಏಳೆಂಟು ವರ್ಷ ಉರುಳಿದವು. ಮಾಡಿದ ಕರೆಗೂ ದುಡ್ಡು, ಬಂದ ಕರೆಗೂ ದುಡ್ಡು ಎಂದರೆ ಯಾರು ತಾನೆ ಕೊಂಡಾರು? ಆಗ ಫೋನು ಇಟ್ಟುಕೊಂಡಿದ್ದ ಕೆಲವರೂ ರಿಂಗಾದರೆ ಮೊದಲು ಪರದೆ ನೋಡಿ, ಯಾರೆಂದು ತಿಳಿದುಕೊಂಡು, ಕಟ್ ಮಾಡಿ, ಪಕ್ಕದ ಎಸ್‌ಟಿಡಿ ಬೂತಿಗೆ ಓಡುತ್ತಿದ್ದರು. ಕರೆದವರ ನಂಬರು ಪರದೆಯ ಮೇಲೆ ಮೂಡುವುದೇ ಆ ಕಾಲದ ಮಹಾ ಸೌಲಭ್ಯ. 2002ರ ಅಕ್ಟೋಬರಿನಲ್ಲಿ ಬಿಎಸ್ಸೆನ್ನೆಲ್ ಮೊಬೈಲ್ ಕಣಕ್ಕೆ ಇಳಿಯಿತು. 2003ರ ಮೇ 1ರಿಂದ ಒಳಬರುವ ಕರೆ ಪುಕ್ಕಟೆಯಾಯಿತು. ಮಿಸ್ಡ್ ಕಾಲ್ ಎಂಬ ದುಡ್ಡಿಲ್ಲದ ಟೆಲಿಗ್ರಾಮು ಮನೆಮಾತಾಯಿತು. ಒಂದು ಸಲ ಹೊಡೆದರೆ ಬಸ್ಸು ಹತ್ತಿದೆ, ಎರಡು ಸಲ ಹೊಡೆದರೆ ಸ್ಟ್ಯಾಂಡಿಗೆ ಬನ್ನಿ.

ಆಗ ಜನ ಫೋನುಗಳನ್ನು ಹೋಲಿಸುತ್ತಿದ್ದುದು ಬಸ್ಸಿನಲ್ಲೇ. ನೋಕಿಯಾ 5110 ಹೊರಬಂದದ್ದು 1998ರಲ್ಲಿ. ನೆತ್ತಿಯ ಮೇಲೆ ಗಿಡ್ಡ ಕೊಂಬು, ತೂಕ ಸುಮಾರು 170 ಗ್ರಾಂ, ಜೇಬಿಗೆ ಹಾಕಿದರೆ ಷರಟು ಒಂದು ಕಡೆಗೆ ವಾಲುತ್ತಿತ್ತು. 2000ದಲ್ಲಿ 3310 ಬಂದಾಗ ಅದಕ್ಕೆ ಕೊಂಬೇ ಇರಲಿಲ್ಲ, ಆಂಟೆನಾ ಹೊಟ್ಟೆಯೊಳಗೆ. "ಕೊಂಬಿಲ್ಲದ್ದಕ್ಕೆ ಟವರು ಹ್ಯಾಗೆ ಸಿಗ್ತದೆ?" ಎಂದು ಹಿರಿಯರು ಅನುಮಾನಪಟ್ಟದ್ದುಂಟು. ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು ಹಿಂದೆ ಬಿದ್ದು ಕಾಡು ಕವಿದುಕೊಂಡಂತೆ ಸೀಟು ಸೀಟಿನಲ್ಲೂ ಫೋನು ಮೇಲೇಳುತ್ತಿತ್ತು. "ನಿಮ್ದರಲ್ಲಿ ಎಷ್ಟು ಕಡ್ಡಿ?" "ಒಂದು." "ನಮ್ದರಲ್ಲಿ ಅದೂ ಇಲ್ಲ." ಯಾವ ಜಾಹೀರಾತೂ ಹೇಳದ ಸತ್ಯ ಮಂಡಗದ್ದೆಯ ಹೊತ್ತಿಗೆ ಇಡೀ ಬಸ್ಸಿಗೆ ತಿಳಿದುಹೋಗುತ್ತಿತ್ತು. ಮಿಕ್ಕ ದಾರಿಗೆ ಹಾವಿನ ಆಟ ಇದ್ದೇ ಇತ್ತು.

ಸಂಖ್ಯೆ ಫೋನಿನ ಹೊಟ್ಟೆಯೊಳಗೆ

2003ರ ಮಳೆಗಾಲದಲ್ಲಿ ರಿಲಯನ್ಸಿನವರು 501 ರೂಪಾಯಿ ಮುಂಗಡಕ್ಕೆ ಫೋನು ಕೈಗಿಟ್ಟರು, ಉಳಿದದ್ದು ತಿಂಗಳ ಕಂತು. ಅಲ್ಲಿಯವರೆಗೆ ಮೊಬೈಲು ದೊಡ್ಡವರ ಸೊತ್ತು ಎಂದುಕೊಂಡಿದ್ದವರ ಕೈಗೂ ಅದು ಬಂತು. ಅದು ದೊಡ್ಡ ಉಪಕಾರವೇ, ಎರಡು ಮಾತಿಲ್ಲ. ಆದರೆ ಆ ಸಿಡಿಎಂಎ ಫೋನಿನಲ್ಲಿ ಸಿಮ್ಮು ಎಂಬುದೇ ಇರಲಿಲ್ಲ. ನಂಬರು ಹ್ಯಾಂಡ್‌ಸೆಟ್ಟಿನ ಒಳಗೇ ಕೂತಿತ್ತು.

ಅಂಗಡಿಕಾರನಿಗೆ ಇದರ ಅರ್ಥ ತಡವಾಗಿ ಆಯಿತು. ಬೋರ್ಡಿನ ಮೇಲೆ, ಬಿಲ್ ಪುಸ್ತಕದ ಮೇಲೆ, ಕ್ಯಾಲೆಂಡರಿನ ಮೇಲೆ ಅಚ್ಚು ಹಾಕಿಸಿದ ನಂಬರು ಅವನ ವ್ಯಾಪಾರದ ವಿಳಾಸ. ಜಿಎಸ್‌ಎಂ ಫೋನು ಕೆಟ್ಟರೆ ಸಿಮ್ಮು ತೆಗೆದು ಪಕ್ಕದ ಅಂಗಡಿಯವರ ಹಳೇ ಫೋನಿಗೆ ಹಾಕಿದರೆ ಮುಗಿಯಿತು, ಒಂದು ಗಿರಾಕಿಯೂ ತಪ್ಪುವುದಿಲ್ಲ. ಸಿಮ್ಮಿಲ್ಲದ ಫೋನು ಕೆಟ್ಟರೆ ನಂಬರೂ ಅದರೊಂದಿಗೆ ಮಲಗಿತು, ಕಂಪನಿಯವರೇ ಎಬ್ಬಿಸಬೇಕು. ಕಂಪನಿ ಬದಲಿಸಿದರೂ ನಂಬರು ಉಳಿಸಿಕೊಳ್ಳುವ ಸೌಕರ್ಯ ದೇಶಕ್ಕೆಲ್ಲ ಸಿಕ್ಕಿದ್ದು 2011ರ ಜನವರಿಯಲ್ಲಿ. ಅಲ್ಲಿಯವರೆಗೆ ಬೋರ್ಡಿನ ನಂಬರಿಗಾಗಿ ಬೇಡದ ಕಂಪನಿಯ ಜೊತೆ ಸಂಸಾರ ಮಾಡಿದವರೆಷ್ಟೋ ಮಂದಿ.

ಅದೇ 2003ರಲ್ಲಿ ಎರಡು ನೋಕಿಯಾಗಳು ಬಂದವು. ಒಂದು 6600: ಬಣ್ಣದ ಪರದೆ, ಕ್ಯಾಮೆರಾ, ಬ್ಲೂಟೂತ್, ಎಲ್ಲವೂ ಉಂಟು. ಮದುವೆ ಮನೆಯಲ್ಲಿ ಅದನ್ನು ಮೇಜಿನ ಮೇಲಿಟ್ಟವರಿಗೆ ಊಟದ ಮೊದಲ ಪಂಕ್ತಿ. ಇನ್ನೊಂದು 1100. ಕ್ಯಾಮೆರಾ ಇಲ್ಲ, ಬಣ್ಣ ಇಲ್ಲ, ರೇಡಿಯೋ ಕೂಡ ಇಲ್ಲ. ನೆತ್ತಿಯಲ್ಲಿ ಒಂದು ಸಣ್ಣ ಟಾರ್ಚು ಮಾತ್ರ.

ಲೋಕದಲ್ಲಿ 25 ಕೋಟಿಯಷ್ಟು ಮಾರಾಟವಾದದ್ದು ಈ ಎರಡನೆಯದು. ಯಾಕೆಂದು ತಿಳಿಯಲು ಇಂಜಿನಿಯರರು ಬೇಕಿಲ್ಲ. ಸಂಜೆ ಕರೆಂಟು ಹೋದಾಗ ಗಲ್ಲಾದ ಚಿಲ್ಲರೆ ಎಣಿಸಿದ್ದು ಆ ಟಾರ್ಚಿನಲ್ಲಿ. ಕೊನೇ ಬಸ್ಸಿಳಿದು ಹಳ್ಳಿಯ ದಾರಿಯಲ್ಲಿ ಹಾವು ಹಗ್ಗ ಬೇರೆ ಮಾಡಿದ್ದು ಆ ಟಾರ್ಚಿನಲ್ಲಿ. ಗುಂಡಿಗಳ ಮೇಲೆ ಒಂದೇ ತುಂಡು ರಬ್ಬರಿನ ಹೊದಿಕೆ ಇದ್ದುದರಿಂದ ಹಿಟ್ಟಿನ ಗಿರಣಿಯ ಧೂಳೂ ಮಂಡಿಯ ಬೆಲ್ಲದ ಕೈಯೂ ಅದಕ್ಕೆ ನಾಟುತ್ತಿರಲಿಲ್ಲ. ಬೆವರಿದ ಕೈಯಿಂದ ಜಾರದಂತೆ ಮೈ ತರಿಯಾಗಿತ್ತು. ತೂಕ 86 ಗ್ರಾಂ. ಬ್ಯಾಟರಿ 850 ಎಂಎಎಚ್ ಅಷ್ಟೇ, ಆದರೂ ಸೋಮವಾರ ಚಾರ್ಜು ಮಾಡಿದವರು ಗುರುವಾರದವರೆಗೆ ವೈರು ಹುಡುಕುತ್ತಿರಲಿಲ್ಲ. ರಿಂಗೋ, ಒಂದೇ ಸ್ವರದ ಕರ್ಕಶ ರಿಂಗು. ದುಬಾರಿ ಫೋನುಗಳ ಇಂಪಾದ ಸಂಗೀತ ಖಾಸಗಿ ಬಸ್ಸಿನ ಟೇಪಿನಲ್ಲಿ ಮುಳುಗಿಹೋದರೆ, ಇದು ಹಿಂದಿನ ಸೀಟಿನಿಂದ ಡ್ರೈವರಿಗೂ ಕೇಳುತ್ತಿತ್ತು. ಒಂದು ಹೊಡೆದುಕೊಂಡರೆ ಹತ್ತು ಜನ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಹಾಗೆಂದು ಹಳೆಯದೆಲ್ಲ ಚಿನ್ನ ಎನ್ನುವವರ ಮಾತು ಪೂರ್ತಿ ನಂಬತಕ್ಕದ್ದಲ್ಲ. 3310ರಲ್ಲಿ ಕನ್ನಡದ ಒಂದಕ್ಷರ ಇರಲಿಲ್ಲ. ಅಮ್ಮಂದಿರು ಮಕ್ಕಳ ನಂಬರನ್ನು ಹೆಸರಿನಿಂದಲ್ಲ, ಪಟ್ಟಿಯಲ್ಲಿ ಎಷ್ಟನೆಯದು ಎಂದು ಎಣಿಸಿ ಹುಡುಕುತ್ತಿದ್ದರು. ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿಯುವ ಎಸ್ಸೆಮ್ಮೆಸ್ಸಿಗೆ ಕನ್ನಡ ಬಂದಾಗ 70ಕ್ಕೇ ಸಾಕು ಎಂದಿತು. ಇವತ್ತಿನ ಫೋನು ಕನ್ನಡ ಓದುತ್ತದೆ, ಬರೆಯುತ್ತದೆ, ಮಾತೂ ಆಡುತ್ತದೆ. ಚಾರ್ಜರಿನ ವಿಷಯದಲ್ಲೂ ಈಗಿನದೇ ಮೇಲು. ಆಗ ನೋಕಿಯಾದಲ್ಲೇ ದಪ್ಪ ಪಿನ್ನು, ಸಣ್ಣ ಪಿನ್ನು ಎಂದು ಎರಡು ಜಾತಿ. ಹೋಟೆಲಿನವರ ಬಳಿ ದಪ್ಪದ್ದು ಸಿಕ್ಕಿದರೆ ನಿಮ್ಮದು ಸಣ್ಣದ್ದೇ ಆಗಿರುತ್ತಿತ್ತು.

ಎರಡು ಬ್ಯಾಟರಿಗಳ ಕಥೆ

ಇಷ್ಟೆಲ್ಲ ಹೇಳಿದ್ದು ಬ್ಯಾಟರಿಯ ಮಾತಿಗೆ ಬರಲು. 2007ರ ಆಗಸ್ಟಿನಲ್ಲಿ ನೋಕಿಯಾ ಕಂಪನಿಯೇ ಒಂದು ಪ್ರಕಟಣೆ ಕೊಟ್ಟಿತು. ಜಪಾನಿನ ಮತ್ಸುಷಿತ ಕಂಪನಿ ತಯಾರಿಸಿದ ಬಿಎಲ್-5ಸಿ ಬ್ಯಾಟರಿಗಳ ಪೈಕಿ 4 ಕೋಟಿ 60 ಲಕ್ಷದಷ್ಟು, ಚಾರ್ಜು ಮಾಡುವಾಗ ವಿಪರೀತ ಬಿಸಿಯಾಗಬಹುದು ಎಂದು. ಫೋನು ಸಿಡಿಯುತ್ತದೆ ಎಂಬ ಪುಕಾರು ಹಬ್ಬಿತು, ಜನ ಗಾಬರಿಯಾದರು. ಆದರೆ ಪರಿಹಾರ ಎಷ್ಟು ಸಣ್ಣದು ನೋಡಿ. ಹಿಂದಿನ ಮುಚ್ಚಳ ಹೆಬ್ಬೆರಳಿನಲ್ಲಿ ಜಾರಿಸು, ಬ್ಯಾಟರಿ ಉಗುರಿನಲ್ಲಿ ಎಬ್ಬಿಸು, ಮೇಲಿನ ನಂಬರು ಓದು. ಸದರಿ ಗುಂಪಿನದಾದರೆ ಪುಕ್ಕಟೆ ಬೇರೆ ಬ್ಯಾಟರಿ. ಫೋನು ಮಾಲೀಕನ ಜೇಬಿನಲ್ಲೇ ಉಳಿಯಿತು.

2016ರಲ್ಲಿ ಸ್ಯಾಮ್‌ಸಂಗಿನ ಗ್ಯಾಲಕ್ಸಿ ನೋಟ್ 7ರ ಬ್ಯಾಟರಿಗೂ ಬೆಂಕಿಯ ದೋಷ ಕಂಡಿತು. ಅದರ ಬ್ಯಾಟರಿ ಒಳಗೆ ಅಂಟು ಹಾಕಿ ಮುಚ್ಚಿದ್ದು. ಹಾಗಾಗಿ ವಾಪಸು ಪಡೆಯಬೇಕಾದದ್ದು ಬ್ಯಾಟರಿಯನ್ನಲ್ಲ, ಇಡೀ ಫೋನನ್ನು. ಬದಲಿ ಕೊಟ್ಟ ಫೋನುಗಳೂ ಹೊತ್ತಿಕೊಂಡು, ಅಕ್ಟೋಬರಿನಲ್ಲಿ ಆ ಮಾದರಿಯನ್ನೇ ನಿಲ್ಲಿಸಬೇಕಾಯಿತು.

ಬೆಂಕಿಯ ಮಾತು ಬಿಡಿ, ಅದು ಅಪರೂಪ. ಆದರೆ ಬ್ಯಾಟರಿ ಸೊರಗುವುದು ಅಪರೂಪವಲ್ಲ, ಖಾತ್ರಿ. ಎರಡು ಮೂರು ವರ್ಷಕ್ಕೆ ಪ್ರತಿಯೊಂದೂ ಸೊರಗುತ್ತದೆ. ಆಗ 1100ರವರು ಬಸ್‌ಸ್ಟ್ಯಾಂಡಿನ ಬಳಿಯ ಅಂಗಡಿಯಲ್ಲಿ ಹೊಸದು ಕೊಂಡು, ಬಸ್ಸು ಹೊರಡುವುದರೊಳಗೆ ಹಾಕಿಕೊಂಡು ಹತ್ತುತ್ತಿದ್ದರು. ಬಿಎಲ್-5ಸಿ ಎಂಬ ಆ ಹೆಸರು ಎಷ್ಟು ಬೇರೂರಿತೆಂದರೆ, ಕೈಯಲ್ಲಿ ಹಿಡಿಯುವ ಸಣ್ಣ ರೇಡಿಯೋಗಳಿಗೂ ಅದೇ ಅಳತೆಯ ಬ್ಯಾಟರಿ ಬಂತು. ಇವತ್ತಿನ ಟಚ್ ಫೋನಿನವರು ಅದನ್ನು ಅಂಗಡಿಗೆ ಕೊಟ್ಟು, ಚೀಟಿ ಹಿಡಿದು, "ನಾಳೆ ಬನ್ನಿ" ಎಂಬ ಮಾತು ಕೇಳಿಕೊಂಡು ಬರಬೇಕು. ಆ ಒಂದು ದಿನ ಗಿರಾಕಿಯ ಹಣ ಬಂತೋ ಇಲ್ಲವೋ ನೋಡುವಂತಿಲ್ಲ, ಓಟಿಪಿ ಬರುವಂತಿಲ್ಲ, ಮಾಲು ತರಿಸಲು ಹಣ ಕಳಿಸುವಂತಿಲ್ಲ. ಹೂವಿನ ವ್ಯಾಪಾರದ ಹೆಂಗಸಿಗೆ ಅದು ಒಂದು ದಿನದ ದುಡಿಮೆ.

ತೆಳ್ಳಗಿರಬೇಕು, ನೀರು ಹೋಗಬಾರದು, ಅದಕ್ಕೇ ಅಂಟು ಹಾಕುತ್ತೇವೆ ಎಂಬುದು ಕಂಪನಿಗಳ ಸಮಜಾಯಿಷಿ. ಆಗುಂಬೆಯ ಮಳೆ ಕಂಡವರು ನೀರಿನ ವಾದವನ್ನು ತಳ್ಳಿಹಾಕಲಾರರು. ಹಳೇ ಫೋನನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ, ಮೇಲೊಂದು ರಬ್ಬರ್ ಬ್ಯಾಂಡ್ ಹಾಕಿ ತಿರುಗಿದ ಜನ ಇವರು. ಆದರೆ ತೆಳುವಿನ ವಾದ? ತೆಳ್ಳಗಿನ ಫೋನು ಕೊಂಡವರೆಲ್ಲ ಮರುನಿಮಿಷ ಅದಕ್ಕೆ ದಪ್ಪನೆಯ ಕವರು ಹಾಕಿಸುವುದು ಅದೇ ಕೌಂಟರಿನಲ್ಲಲ್ಲವೇ!

ಬಿಲ್ಲಿನ ಮೇಲೆ ಬರೆಯಲಿ

ಯೂರೋಪಿನ ಒಕ್ಕೂಟ 2025ರ ಜೂನ್ 20ರಿಂದ ಒಂದು ಕಟ್ಟಳೆ ತಂದಿದೆ. ಮಾರುವ ಪ್ರತಿ ಫೋನಿನ ಮೇಲೂ ರಿಪೇರಿ ಎಷ್ಟು ಸುಲಭ ಎಂಬ ದರ್ಜೆ ಕಾಣಿಸಬೇಕು, ಮಾದರಿಯ ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗ ಸಿಗಬೇಕು, 800 ಸಲ ಚಾರ್ಜು ಮಾಡಿದ ಮೇಲೂ ಬ್ಯಾಟರಿ ಶೇಕಡ 80ರಷ್ಟು ಉಳಿದಿರಬೇಕು. ಇಲ್ಲಿಯೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿಗೆ ಸಮಿತಿ ಮಾಡಿತು. ಫೋನುಗಳಿಗೆ ರಿಪೇರಿಯ ಅಂಕ ಕೊಡುವ ಬಗ್ಗೆ ಇನ್ನೊಂದು ಸಮಿತಿ 2025ರ ಮೇನಲ್ಲಿ ವರದಿಯನ್ನೂ ಒಪ್ಪಿಸಿತು. ಸಂತೋಷ. ಆದರೆ ದಿಲ್ಲಿಯ ವರದಿಗೂ ಗಾಂಧಿ ಬಜಾರಿನ ಕೌಂಟರಿಗೂ ನಡುವೆ ಎಷ್ಟು ಸ್ಟಾಪು ಇವೆಯೆಂದು ದಿನಾ ಬಸ್ಸಿಗೆ ಕಾಯುವವರಿಗೆ ಹೇಳಬೇಕಾಗಿಲ್ಲ.

ಅಲ್ಲಿಯವರೆಗೆ ಕಾಯುವ ದರ್ದು ಊರಿನ ಮೊಬೈಲ್ ವ್ಯಾಪಾರಸ್ಥರಿಗೂ ಇಲ್ಲ. ಬಿಲ್ಲಿನ ಹಿಂಬದಿಯಲ್ಲಿ ಮೂರು ಸಾಲು ಬರೆದುಕೊಟ್ಟರೆ ಸಾಕು. ಈ ಮಾದರಿಗೆ ಬ್ಯಾಟರಿ ಬದಲಿಸಲು ಇಂದಿನ ದರ ಎಷ್ಟು. ಪರದೆ ಒಡೆದರೆ ಎಷ್ಟು. ಕಂಪನಿಯ ಸರ್ವೀಸ್ ಸೆಂಟರು ಊರಲ್ಲೇ ಇದೆಯೋ, ಬೆಂಗಳೂರಿಗೆ ಕಳಿಸಬೇಕೋ. ಫೋನು ಮಾಡಿ ವಿಚಾರಿಸಿದರೆ ಐದು ನಿಮಿಷದಲ್ಲಿ ಸಿಗುವ ಮಾಹಿತಿ. ಕಂತಿನ ಲೆಕ್ಕವನ್ನು ಪೈಸೆ ಬಿಡದೆ ಬರೆದುಕೊಡುವ ಕೈಗೆ ಇದೇನು ಭಾರವಲ್ಲ.

ಮತ್ತೆ, ಬರೀ ಮಾತಿಗೂ ಸಣ್ಣಪುಟ್ಟ ಹಣ ಕಳಿಸುವುದಕ್ಕೂ ಫೋನು ಬೇಕಾದವರಿಗೆ ಗುಂಡಿಯ ಫೋನು ಇವತ್ತಿಗೂ ಅದೇ ಅಂಗಡಿಯ ಕೆಳಗಿನ ಖಾನೆಯಲ್ಲಿದೆ. ಟಾರ್ಚು ಉಂಟು, ಬ್ಯಾಟರಿ ಬಿಚ್ಚೋಕೂ ಬರುತ್ತದೆ. ಅಂಥ ಫೋನಿನಿಂದಲೂ ಯುಪಿಐ ಹಣ ಕಳಿಸುವ ವ್ಯವಸ್ಥೆಯನ್ನು ರಿಸರ್ವ್ ಬ್ಯಾಂಕು 2022ರ ಮಾರ್ಚ್ 8ರಂದೇ ತಂದಿದೆ. ಆಯನೂರಿನ ಆ ಹೆಂಗಸು ಕೇಳದಿದ್ದರೂ ಕೌಂಟರಿನ ಹುಡುಗ ಅದನ್ನೊಮ್ಮೆ ಎತ್ತಿ ತೋರಿಸಲಿ. ಕೊಳ್ಳುವುದು ಬಿಡುವುದು ಆಮೇಲಿನ ಮಾತು.